ಸೋಲುವುದನ್ನು ಮರೆತ ಸಂಜೆ

ಕಳೆದ ವಾರ ಬಾಗಲಕೋಟೆಯ ನವನಗರದ ಮೈದಾನದ ಬದಿಯಲ್ಲಿ ನಡೆದು ಹೋಗುತ್ತಿದ್ದೆ. ನೀರು ಚಿಮುಕಿಸಿದ ಕೆಂಪು ಮಣ್ಣಿನ ಮೇಲೆ ಯಾರೋ ಸುಣ್ಣದ ಗೆರೆ ಎಳೆಯುತ್ತಿದ್ದರು. ಹಸಿ ಮಣ್ಣು, ಹಸಿ ಸುಣ್ಣ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ತಾನಾಗಿ ನಿಂತಿತು. ಗಣಿತದ ಮಾಸ್ತರರು ನೆನಪಾದರು...

ಎಪ್ಪತ್ತರ ದಶಕದ ಕೊನೆಯ ಮಾತು. ಹಳೇ ಬಾಗಲಕೋಟೆಯ ಕ್ಲಬ್ಬಿನಲ್ಲಿ ಒಂದು ಟೆನಿಸ್ ಅಂಗಳವಿತ್ತು. ಈಗ ಅದು ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. ನಮ್ಮ ಕಚೇರಿಯ ಸಾಹೇಬರಿಗೆ ಆಟದ ಹುಚ್ಚು. ಅವರ ಗುಮಾಸ್ತನಾದ ನನಗೆ ಸಂಜೆ ಅಂಪೈರ್ ಕೆಲಸ. ಅಲ್ಲಿನ ಕಾನೂನು ಸರಳ: ಸಾಹೇಬರ ಚೆಂಡು ಗೇಣು ಆಚೆ ಬಿದ್ದರೂ ಒಳಗೇ. ಯಾರೂ ಬರೆದಿಟ್ಟಿರಲಿಲ್ಲ, ಆದರೆ ಎಲ್ಲರಿಗೂ ಬಾಯಿಪಾಠವಾಗಿತ್ತು.

ಸಾಹೇಬರ ಜೊತೆ ಆಡಲು ಬರುತ್ತಿದ್ದವರು ಊರಿನ ಸರಕಾರಿ ಶಾಲೆಯ ಈ ಮಾಸ್ತರರು. ಧಾರವಾಡದಲ್ಲಿ ಓದುವಾಗ ಕಲಿತ ಆಟ. ಅವರ ಹೆಂಡತಿ ಇಳಕಲ್ಲಿನಲ್ಲಿ ಶಿಕ್ಷಕಿ, ಇಬ್ಬರು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಅಲ್ಲೇ ಇದ್ದರು. ಮಾಸ್ತರರಿಗೆ ಇಳಕಲ್ಲಿಗೆ ವರ್ಗ ಬೇಕಿತ್ತು. ಮೇಲಿನವರಿಗೆ ಒಂದು ಮಾತು ಹೇಳುವುದಾಗಿ ಸಾಹೇಬರು ಭರವಸೆ ಕೊಟ್ಟಿದ್ದರು. ಹಾಗಾಗಿ ಮಾಸ್ತರರು ದಿನಾ ಸಂಜೆ ಸೋಲುತ್ತಿದ್ದರು. ಅದೇನು ಸೋಲು! ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೊನೆಯವರೆಗೂ ಸಮಸಮ ಆಡಿ, ಸರಿಯಾದ ಹೊತ್ತಿಗೆ ಒಂದು ಚೆಂಡನ್ನು ನೆಟ್ಟಿಗೆ ಹಾಕುವರು. ಸಾಹೇಬರು ಖುಷಿಯಿಂದ ಮನೆಗೆ ಹೋಗುವರು.

ಆ ಸಂಜೆ ಸಾಹೇಬರು ಅಂಗಳಕ್ಕೆ ಇಳಿಯುತ್ತಲೇ ಹೇಳಿದರು: "ಮಾಸ್ತರ, ನಾಳೆ ಬಿಜಾಪುರಕ್ಕ ಹೊಂಟೇನಿ. ನಿಮ್ಮ ವರ್ಗದ ಕೆಲಸಾನೂ ಮುಗಿಸ್ಕೊಂಡು ಬರ್ತೇನಿ."

ಆಟ ಅರ್ಧ ಆಗಿತ್ತು; ಸುತ್ತ ಕ್ಲಬ್ಬಿನ ನಾಲ್ಕೈದು ಮಂದಿ ನೋಡುತ್ತಾ ನಿಂತಿದ್ದರು. ಮಾಸ್ತರರು ಒಂದು ಚೆಂಡನ್ನು ಮೂಲೆಯ ಗೆರೆಯ ಮೇಲೆಯೇ ಇಟ್ಟರು. ಮುಂದಿನದೂ ಅಲ್ಲೇ. ಆಮೇಲೆ ಏನಾಯಿತೋ... ಸಾಹೇಬರ ಮುಂದೆ ಸದಾ ಇರುತ್ತಿದ್ದ ಆ ಅಳುಕಿನ ನಗು ಮುಖದಿಂದ ಹೋಯಿತು. ಅವರು ಓಡುತ್ತಿದ್ದಾರೆ ಅನಿಸುತ್ತಲೇ ಇರಲಿಲ್ಲ. ಚೆಂಡು ಬರುವ ಮೊದಲೇ ಅಲ್ಲಿ ನಿಂತಿರುತ್ತಿದ್ದರು. ರಾಕೆಟ್ಟಿನ ಸದ್ದೇ ಬೇರೆಯಾಗಿತ್ತು. ನೆನಪು ಮಾಡಿಕೊಡಲು ಕೆಮ್ಮಿದೆ. ಕ್ಷಯ ಹತ್ತಿದವನಂತೆ ಕೆಮ್ಮಿದರೂ ಅವರಿಗೆ ಕೇಳಿಸಲಿಲ್ಲ. ಆದರೆ ನನಗೂ ಕಣ್ಣು ಕೀಳಲಾಗಲಿಲ್ಲ. ಅಷ್ಟು ಚಂದದ ಆಟವನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಮಾಸ್ತರರ ಕೊನೆಯ ಚೆಂಡು ಗೆರೆಯ ಸುಣ್ಣ ಹಾರಿಸಿಕೊಂಡು ಹೋಯಿತು. ಸಾಹೇಬರು ನನ್ನತ್ತ ನೋಡಿದರು. ಔಟ್ ಎನ್ನಲು ಬಾಯಿ ತೆರೆದೆ; ನಾಲಿಗೆ ಏಳಲಿಲ್ಲ.

"ಒಳಗದರಿ ಸಾಹೇಬ್ರ."

ಸಾಹೇಬರು ಮಾಸ್ತರರ ಕೈ ಕುಲುಕಿ ಜೀಪು ಹತ್ತಿದರು. ಮಾಸ್ತರರು ನಿದ್ದೆಯಿಂದ ಎದ್ದವರಂತೆ ನನ್ನ ಬಳಿ ಬಂದರು. "ಮುಗೀತೇನು? ಯಾರ್ ಗೆದ್ರು?"

"ನೀವರೀ! ಏನ್ ಮಾಡಿ ಬಿಟ್ರಿ ಮಾಸ್ತರ?"

ಅವರು ಅಲ್ಲೇ ಕುಸಿದು ಕೂತರು. "ಚೆಂಡು ತೆಂಗಿನಕಾಯಿ ಅಷ್ಟು ದೊಡ್ಡದು ಕಾಣಾಕತ್ತಿತ್ತೋ ತಮ್ಮಾ... ಸೋಲೂದು ನೆನಪಿಗೇ ಬರಲಿಲ್ಲ."

ಸಾಹೇಬರು ಕೆಟ್ಟವರಲ್ಲ, ಸೇಡು ತೀರಿಸಿಕೊಳ್ಳಲಿಲ್ಲ. ವರ್ಗದ ಮಾತನ್ನು ಮತ್ತೆ ಎತ್ತಲಿಲ್ಲ, ಅಷ್ಟೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಾಸ್ತರರು ಮುಂದೆ ಎಷ್ಟೋ ವರ್ಷ ಶನಿವಾರ ಮಧ್ಯಾಹ್ನ ಇಳಕಲ್ ಬಸ್ಸಿಗೆ ಓಡುತ್ತಿದ್ದರು. ಮಕ್ಕಳು ರವಿವಾರದ ಅಪ್ಪನನ್ನಷ್ಟೇ ಕಂಡು ಬೆಳೆದರು. ಆದರೂ ಆ ಸಂಜೆಯ ಮಾತು ತೆಗೆದರೆ ಮಾಸ್ತರರ ಮುಖ ಅರಳುತ್ತಿತ್ತು. ನನಗೆ ಅವರ ಮೇಲೆ ಅಭಿಮಾನ ಉಕ್ಕುತ್ತಿತ್ತು.

ಕಳೆದ ವಾರ ಆ ಮೈದಾನದಿಂದ ಮನೆಗೆ ಬಂದವನೇ ಇಳಕಲ್ಲಿಗೆ ಫೋನ್ ಮಾಡಿದೆ. ಮಾಸ್ತರರು ತೀರಿಕೊಂಡು ಬಹಳ ವರ್ಷವಾಯಿತು. ಅವರ ಹೆಂಡತಿ, ನಮ್ಮ ಅಕ್ಕಾವರು, ಫೋನ್ ಎತ್ತಿದರು. ಆ ಸಂಜೆ ನೆನಪಾಯಿತು ಎಂದೆ.

"ಆ ಆಟದ ಸಲುವಾಗಿ ನಾ ಭಾಳ ಅತ್ತೇನ್ರಿ," ಎಂದರು. "ಖರೆ ಹೇಳ್ತೇನಿ, ಈಗ ಸಿಟ್ಟಿಲ್ಲ. ನೀವೆಲ್ಲಾ ನೋಡಿದ್ರಿ, ನಾ ಒಬ್ಬಾಕಿನೇ ನೋಡಲಿಲ್ಲ. ಹೆಂಗ ಆಡಿದ್ರು, ಹೇಳ್ರಿ."

ಅಂದು ಅಲ್ಲಿದ್ದವರಲ್ಲಿ ಉಳಿದವನು ನಾನೊಬ್ಬನೇ. ಮೊದಲಿನಿಂದ ಹೇಳತೊಡಗಿದೆ...