ಒಂದೂಮುಕ್ಕಾಲು ತಾಸಿನ ಹಾದಿ

“ಅಮ್ಮಾ, ಶಂಕ್ರವ್ವಜ್ಜಿ ಏರೋಪ್ಲೇನಲ್ಲಿ ಹೋದ್ರೂ ಯಾಕೆ ಲೇಟಾಯ್ತು?” ಎಂದು ವಚನಾ ಕೇಳಿದಳು. ಆರು ವರ್ಷದ ಮಗುವಿಗೆ ಹೊಳೆದ ಪ್ರಶ್ನೆ ಮುಂಬೈಯ ಆ ಸಾವಿನ ಮನೆಯಲ್ಲಿ ಸೇರಿದ್ದ ಅಷ್ಟು ದೊಡ್ಡವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಲ್ಲ ಎಂದು ನನಗೆ ಮೈ ಉರಿಯಿತು.

ಶಂಕ್ರವ್ವಜ್ಜಿ ಹೆಗ್ಗನಹಳ್ಳಿಯಲ್ಲಿ ನಮ್ಮ ಕೆಳಗಿನ ಮನೆಯವರು. ಹಾವೇರಿ ಕಡೆಯಿಂದ ಬಂದು ಮೂವತ್ತು ವರ್ಷವಾಯಿತು. ಹಳೆ ಸೀರೆ ಸೇರಿಸಿ ಕೌದಿ ಹೊಲಿಯುತ್ತಾರೆ. ವಚನಾ ಹುಟ್ಟಿದಾಗ ಅವಳನ್ನು ಗೇಣಿನಲ್ಲಿ ಅಳೆದು, “ಈ ಕೂಸು ಲಗೂನ ಬೆಳಿತೈತಿ, ಹೆಚ್ಚಿಗಿ ಹಿಡಿತೀನಿ” ಎಂದಿದ್ದರು. ಆ ಕೌದಿ ಇವತ್ತಿಗೂ ಅವಳ ಕಾಲು ಮುಚ್ಚುತ್ತದೆ. ಅಳತೆ ತಪ್ಪದ ಕೈ.

ಹೋದ ಸೋಮವಾರ ಬೆಳಗ್ಗೆ ಆರೂವರೆಗೆ ಮುಂಬೈಯಿಂದ ಫೋನ್ ಬಂತು. ಡೊಂಬಿವಲಿಯಲ್ಲಿದ್ದ ಅವರಣ್ಣ ಕರಿಬಸಪ್ಪ ತೀರಿಕೊಂಡಿದ್ದರು. ಅವರ ಮನೆತನದಲ್ಲಿ ಮಣ್ಣು ಮಾಡುವ ಮುಂಚೆ ಒಡಹುಟ್ಟಿದವಳು ಹಣೆಗೆ ವಿಭೂತಿ ಹಚ್ಚಬೇಕು. ಅಜ್ಜಿ ಅಳುತ್ತ ಕೂರಲಿಲ್ಲ. ವಿಭೂತಿ ಗಟ್ಟಿಯನ್ನು ಸೆರಗಿಗೆ ಕಟ್ಟಿಕೊಂಡರು. ಟಿಕೆಟ್ ಮಾಡಿದವಳು ನಾನು. ಅಣ್ಣನ ಮಗ ಚನ್ನವೀರೇಶ್ ಅಲ್ಲಿಂದ ಫೋನಿನಲ್ಲಿ, “ಎಷ್ಟೊತ್ತಾಗ್ತೈತ್ರೀ ಮೇಡಂ?” ಎಂದಾಗ ಟಿಕೆಟ್ ನೋಡಿ, “ಹನ್ನೊಂದೂವರೆ ಫ್ಲೈಟ್, ಒಂದೂಮುಕ್ಕಾಲು ಗಂಟೆ ಅಷ್ಟೇ” ಎಂದವಳೂ ನಾನೇ.

ಏಳೂವರೆಗೆ ಟ್ಯಾಕ್ಸಿ ಹತ್ತಿಸಿದೆ. ದೇವನಹಳ್ಳಿ ಸೇರುವಾಗ ಹತ್ತು. ಮುಂಬೈ ಮೇಲೆ ವಿಮಾನ ಅರ್ಧ ಗಂಟೆ ಸುಮ್ಮನೆ ಸುತ್ತು ಹಾಕಿತು, ಇಳಿಯಲು ಜಾಗವಿಲ್ಲವಂತೆ. ಇಳಿದ ಕೂಡಲೇ ಅಜ್ಜಿ ಫೋನ್ ಮಾಡಿದರೆ ಚನ್ನವೀರೇಶ್, “ಬಾ ಅತ್ತಿ, ಬಾ” ಎಂದನಂತೆ. ಅಲ್ಲಿಂದ ಡೊಂಬಿವಲಿಗೆ ಮತ್ತೆರಡು ಗಂಟೆ. ನಾಲ್ಕಕ್ಕೆ ಮನೆ ಮುಟ್ಟಿದರೆ, ಮೂರಕ್ಕೇ ಮಣ್ಣು ಮಾಡಿ ಬಂದು ಎಲ್ಲರೂ ಸ್ನಾನ ಮುಗಿಸಿ ಕೂತಿದ್ದರು!

“ಎಲ್ಲಾರೂ ಕಾದು ಸಾಕಾದ್ರು ಅತ್ತಿ. ಒಂದೂಮುಕ್ಕಾಲು ತಾಸಿನ ಹಾದಿಗೆ ಇನ್ನೆಷ್ಟು ಕಾಯೋದು?”

“ವಿಮಾನ ಏನು ನನ್ನ ಬಾಗಿಲಾಗ ಹತ್ತಿಸ್ಕೊಂಡು ನಿನ್ನ ಬಾಗಿಲಾಗ ಇಳಿಸ್ತೈತೇನೋ?”

ಸಮಾಧಿಯ ಮೇಲಾದರೂ ಹಚ್ಚು ಎಂದು ಯಾರೋ ಬುದ್ಧಿ ಹೇಳಿದರಂತೆ. “ಮಣ್ಣಿಗೆ ಹಣಿ ಎಲ್ಲೈತಿ?” ಎಂದವರೇ ಗಟ್ಟಿಯನ್ನು ಹಾಗೇ ವಾಪಸ್ ತಂದರು.

ಮುಂಬೈ ಎಂಟುನೂರು ಚಿಲ್ಲರೆ ಕಿಲೋಮೀಟರ್, ಒಂದೂಮುಕ್ಕಾಲು ಗಂಟೆ. ಹೆಗ್ಗನಹಳ್ಳಿಯಿಂದ ದೇವನಹಳ್ಳಿ ನಲವತ್ತು ಚಿಲ್ಲರೆ, ಎರಡೂವರೆ ಗಂಟೆ! ಟಿಕೆಟ್ಟಿನಲ್ಲಿ ಇದನ್ನು ಯಾರು ಬರೆಯುತ್ತಾರೆ? ಟಿಕೆಟ್ ಹೇಳಲಿಲ್ಲ, ಸರಿ. ‘ಬಾ’ ಎಂದು ಕರೆದ ಬಾಯಿಗೆ ಒಂದು ಗಂಟೆ ‘ತಡೀರಿ’ ಎನ್ನಲು ಏನಾಗಿತ್ತು? ನನ್ನ ಬಾಯಿಗಾದರೂ ಏನಾಗಿತ್ತು? ಮಗುವನ್ನು ಮಾಗಡಿ ರೋಡ್ ದಾಟಿಸಿ ಸ್ಕೂಲಿಗೆ ಬಿಡಲು ಮುಕ್ಕಾಲು ಗಂಟೆ ಮೊದಲೇ ಹೊರಡುವ ನಾನು, ಅವತ್ತು ಆಕಾಶದ್ದಷ್ಟೇ ಲೆಕ್ಕ ಹೇಳಿದೆ.

ಇವತ್ತು ಸಂಜೆ ಕ್ಷಮೆ ಕೇಳಲು ಕೆಳಗೆ ಹೋದೆ. ಅಜ್ಜಿ ಸೂಜಿಯಿಂದ ತಲೆ ಎತ್ತಲಿಲ್ಲ.

“ಅದೆಲ್ಲಾ ಇರ್ಲಿ ಯವ್ವಾ. ನನ್ನ ತಮ್ಮ ಶಿವಯೋಗಿನೂ ಡೊಂಬಿವಲಿಯಾಗ ಅದಾನ. ನನ್ನ ಹೊಸ್ತಿಲಿಂದ ಅವನ ಹೊಸ್ತಿಲಿಗೆ ಎಂಟೂವರೆ ತಾಸು ಅಂತ ದಪ್ಪ ಅಕ್ಷರದಾಗ ಬರದುಕೊಡು. ಅವನ ಮನಿ ಗ್ವಾಡಿಗೆ ಹಚ್ಚಸ್ತೀನಿ, ನಾಳೆ ಕಾಯೋರಿಗೆ ಗೊತ್ತಿರ್ಲಿ. ವಿಮಾನದ್ದು ಮಾತ್ರ ಬರೀಬ್ಯಾಡ.”