ಹನ್ನೊಂದು ಮಾವಂದಿರು

ಕೋವಿಡ್ ಕಳೆದು ಎರಡು ವರ್ಷವಾಗಿತ್ತು. ನಾನಾಗ ಶಿವಮೊಗ್ಗದಲ್ಲಿ ಕಂಪನಿ ಸೆಕ್ರೆಟರಿಯಾಗಿ ಸ್ವಂತ ಕಚೇರಿ ನಡೆಸುತ್ತಿದ್ದೆ. ಕಂಪನಿಯೊಂದು ಸರ್ಕಾರಕ್ಕೂ ಹೂಡಿಕೆದಾರರಿಗೂ ಸಲ್ಲಿಸುವ ಕಾಗದಪತ್ರಗಳು ಸರಿಯಾಗಿವೆ ಎಂದು ಸಹಿ ಹಾಕಿ, ಆ ಸಹಿಯ ಹೊಣೆ ಹೊರುವುದು ನನ್ನ ವೃತ್ತಿ. ಮೂವತ್ತು ವರ್ಷ ಇದನ್ನೇ ಮಾಡಿದ್ದೇನೆ. ಓದದೆ ಸಹಿ ಹಾಕಿದ್ದು ಒಂದೇ ಸಲ. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅರ್ಧ ಸಿಟ್ಟು ಹೊರದೇಶದವರ ಮೇಲೆ, ಇನ್ನರ್ಧ ನನ್ನ ಮೇಲೆಯೇ.

ನನ್ನ ಬಳಿ ಬಂದವರು ರೇಣುಕಮ್ಮ. ಸೊರಬ ತಾಲ್ಲೂಕಿನ ಹೊಸಬಾಳೆಯ ಮಗಳು, ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸೊಸೆ. ಆ ಕಡೆ ಕುರಿ ಸಾಕುವವರು ವರ್ಷಕ್ಕೆರಡು ಸಲ ತುಪ್ಪಟ, ಅಂದರೆ ಕುರಿಯ ಉಣ್ಣೆ ಕತ್ತರಿಸುತ್ತಾರೆ. ಒರಟು ಉಣ್ಣೆ. ಕಂಬಳಿ ನೇಯುವವರು ಕಡಿಮೆಯಾದ ಮೇಲೆ ಕೇಳುವವರಿಲ್ಲದೆ ಅದನ್ನು ಬೇಲಿ ಸಾಲಿಗೆ ಸುರಿದು ಬರುತ್ತಿದ್ದರು. ರೇಣುಕಮ್ಮ ಅದನ್ನೇ ಕೊಂಡು, ಒತ್ತಿಸಿ, ದಪ್ಪ ಫೆಲ್ಟ್ ಹಾಳೆ ಮಾಡಿಸತೊಡಗಿದರು. ಗೋಡೆಗೆ ಹೊಡೆದರೆ ಸದ್ದನ್ನೂ ಸೆಕೆಯನ್ನೂ ತಡೆಯುವ ಹಾಳೆ ಅದು. ಹೊರದೇಶದ ಖರೀದಿದಾರರೊಬ್ಬರು ಮಾದರಿ ನೋಡಿ ದೊಡ್ಡ ಆರ್ಡರ್ ಕೊಡಲು ಮುಂದೆ ಬಂದರು. ಅವರದು ಒಂದೇ ಷರತ್ತು: ಮುಂದಿನ ಸಲ ತುಪ್ಪಟ ಕತ್ತರಿಸುವ ಹೊತ್ತಿಗೆ ಉಣ್ಣೆ ತೊಳೆಯುವ ಯಂತ್ರ ಕೂತು ಕೆಲಸ ಶುರುಮಾಡಿರಬೇಕು. ಬ್ಯಾಂಕಿನವರು ಅಡಮಾನಕ್ಕೆ ಜಮೀನು ಕೇಳಿದರು. ರೇಣುಕಮ್ಮನ ಹೆಸರಿನಲ್ಲಿ ಒಂದು ಗುಂಟೆಯ ಪಹಣಿಯೂ ಇರಲಿಲ್ಲ.

ಅದೇ ಸಮಯಕ್ಕೆ ಕೆಲವು ದೇಶಗಳ ಬಂಡವಾಳ ಮಾರುಕಟ್ಟೆಗಳನ್ನು ಜೋಡಿಸುವ ಪ್ರಯೋಗವೊಂದು ಶುರುವಾಗಿತ್ತು. ಸಣ್ಣ ಕಂಪನಿಯೊಂದು ಒಂದೇ ಅರ್ಜಿ ಸಲ್ಲಿಸಿದರೆ ಸಾಕು, ಆ ಎಲ್ಲ ದೇಶಗಳ ಹೂಡಿಕೆದಾರರೂ ಅದರ ಷೇರು ಕೊಳ್ಳಬಹುದು. ಇದು ಸಾಲವಲ್ಲ, ಅಡಮಾನ ಬೇಕಿಲ್ಲ. ಲಾಭವಾದರೆ ಅವರಿಗೂ ಪಾಲು, ನಷ್ಟವಾದರೆ ಅವರಿಗೂ ಪಾಲು. ಪಾಲಿಗೆ ಕುರಿ ಕೊಟ್ಟು ಸಾಕಿಸುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ರೇಣುಕಮ್ಮ ಎರಡೇ ನಿಮಿಷದಲ್ಲಿ ಒಪ್ಪಿದರು. ನನಗಂತೂ ಇಂಥದ್ದೊಂದು ಬರಬೇಕೆಂದು ಎಷ್ಟೋ ವರ್ಷದ ಆಸೆ.

ಅರ್ಜಿಯನ್ನು ಸ್ಥಳೀಯ ಭಾಷೆಯಲ್ಲೇ ತುಂಬಬಹುದು, ತಮ್ಮವರೇ ಇಂಗ್ಲಿಷಿಗೆ ಅನುವಾದಿಸುತ್ತಾರೆ ಎಂದು ಈ ಜೋಡಣೆ ನಡೆಸುವ ವೇದಿಕೆಯವರು ಡಂಗುರ ಹೊಡೆದಿದ್ದರು. ಫಾರಂ ಬಂದದ್ದು ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಇಳಿಸಿದವನು ನಾನು. ಸರಕು ಒದಗಿಸುವವರ ಪಟ್ಟಿಯಲ್ಲಿ ಒಂದು ಕಾಲಂ ಇತ್ತು: ಅವರಿಗೂ ಕಂಪನಿಯ ಒಡೆಯರಿಗೂ ಇರುವ ಸಂಬಂಧ. ಮನೆಯವರಿಂದಲೇ ಕೊಂಡಂತೆ ತೋರಿಸಿ ಕಂಪನಿಯ ಹಣ ಹೊರಗೆ ಸಾಗಿಸುವವರನ್ನು ಹಿಡಿಯಲು ಆ ಪ್ರಶ್ನೆ. ಕಾನೂನಿನಲ್ಲಿ ‘ಸಂಬಂಧಿ’ ಎಂದರೆ ಯಾರು ಯಾರು ಎಂಬುದಕ್ಕೆ ಗಟ್ಟಿ ಪಟ್ಟಿಯೇ ಇದೆ. ನಾನು ಮಹಾ ಬುದ್ಧಿವಂತ, ಜನರಿಗೆ ಸುಲಭವಾಗಲಿ ಎಂದು ಆ ಕಾಲಂಗೆ ‘ನಿಮಗೆ ಏನಾಗಬೇಕು?’ ಎಂದು ಬರೆದೆ.

ರೇಣುಕಮ್ಮ ನಿಯತ್ತಾಗಿ ತುಂಬಿದರು. ಮದುವೆಯಾಗಿ ಬಂದ ಹೆಣ್ಣುಮಗಳು ಗಂಡನ ಊರಿನ ಹಿರಿಯರನ್ನು ಮಾವ ಎನ್ನದೆ ಇನ್ನೇನು ಅಂದಾಳು? ತಾಳಗುಂದದ ಕಡೆಯಿಂದ ತುಪ್ಪಟ ಕೊಡುವ ಹನ್ನೊಂದು ಮಂದಿ ಹಿರಿಯರ ಹೆಸರಿನ ಮುಂದೆ ಮಾವ, ಮಾವ, ಮಾವ. ತವರಿನ ಹೊಸಬಾಳೆಯವರ ಮುಂದೆ ಅಣ್ಣ, ದೊಡ್ಡಪ್ಪ, ಚಿಕ್ಕಪ್ಪ. ಇವರಲ್ಲಿ ಒಬ್ಬರೂ ರಕ್ತಸಂಬಂಧಿಗಳಲ್ಲ. ಅನುವಾದಕರು ಯಾರೋ, ಎಲ್ಲಿ ಕೂತಿದ್ದರೋ, ಮಾವ ಎಂಬಲ್ಲೆಲ್ಲ ‘ಗಂಡನ ತಂದೆ’ ಎಂಬ ಅರ್ಥದ ಇಂಗ್ಲಿಷ್ ಪದ ಹಾಕಿದರು. ಸಹಿಗೆ ಬಂದ ಇಂಗ್ಲಿಷ್ ಪ್ರತಿಯ ಮೊದಲ ಹಾಳೆ, ಕೊನೆಯ ಹಾಳೆ ನೋಡಿ ನಾನು ಸಹಿ ಒತ್ತಿದೆ. ರೇಣುಕಮ್ಮನ ನಿಜವಾದ ಮಾವ ತೀರಿಕೊಂಡು ಹತ್ತು ವರ್ಷವಾಗಿತ್ತು. ಆ ಪಟ್ಟಿಯಲ್ಲಿ ಇಲ್ಲದವರು ಅವರೊಬ್ಬರೇ.

ಮೂರು ವಾರಕ್ಕೆ ವೀಡಿಯೊ ಕಾಲ್ ಬಂತು. ಪರಿಶೀಲನಾಧಿಕಾರಿ ಬೇರೆ ದೇಶದವರು, ಮಾತು ಬಹಳ ನಯ. “ಗಂಡನ ತಂದೆಯರು ಹನ್ನೊಂದು ಮಂದಿ ಎಂದಿದೆ. ಒಂದೋ ಇದು ಸುಳ್ಳು, ಇಲ್ಲವೇ ನಿಮ್ಮ ಖರೀದಿಯೆಲ್ಲ ಕುಟುಂಬದೊಳಗಿನದು. ಎರಡೂ ನಮಗೆ ಒಪ್ಪಿಗೆಯಿಲ್ಲ,” ಎಂದರು. ನನ್ನ ಪಕ್ಕದಲ್ಲಿ ಕೂತಿದ್ದ ರೇಣುಕಮ್ಮನಿಗೆ ಕನ್ನಡದಲ್ಲಿ ಹೇಳಿದೆ.

“ಹಿರೇರನ್ನ ಹೆಸರು ಹಿಡಿದು ಕರೀಲಿಕ್ಕೆ ಆಗ್ತದೇನ್ರೀ? ಮಾವ ಅಂದ್ರೆ ಮಾವ. ಇದನ್ನ ಅವ್ರಿಗೆ ಹೇಳ್ರಿ,” ಎಂದರು.

ಹೇಳಿದೆ. ವಿವರಣೆಯನ್ನು ಬರಹದಲ್ಲಿ ಕಳಿಸಿ, ತಿರಸ್ಕಾರವಂತೂ ಈಗಾಗಲೇ ದಾಖಲಾಗಿದೆ ಎಂದರು ಅಧಿಕಾರಿ. ಅಲ್ಲಪ್ಪಾ, ಒಬ್ಬ ಹೆಂಗಸಿಗೆ ಹನ್ನೊಂದು ಮಂದಿ ಗಂಡನ ತಂದೆಯರು ಇರಲು ಸಾಧ್ಯವೇ ಇಲ್ಲ ಎಂದು ಗೊತ್ತಾದ ಮೇಲೆ, ಎಲ್ಲೋ ಮಾತು ತಪ್ಪಾಗಿದೆ ಎಂದು ಹೊಳೆಯಬಾರದೇ? ತಿರಸ್ಕರಿಸುವ ಮುಂಚೆ ಒಂದು ಫೋನ್ ಮಾಡಲು ಏನಾಗಿತ್ತು ರೋಗ?

ಮಾರುಕಟ್ಟೆಗಳ ಜೋಡಣೆಯ ಇನ್ನೊಂದು ಮುಖ ನನಗೆ ಕಂಡದ್ದು ಆಮೇಲೆ. ಒಂದು ದೇಶದಲ್ಲಿ ಒಪ್ಪಿದರೆ ಎಲ್ಲ ಕಡೆ ಒಪ್ಪಿದಂತೆ ಎಂದು ಹೇಳಿದ್ದರಲ್ಲ, ಒಂದು ಕಡೆ ಬಿದ್ದ ಕಪ್ಪು ಚುಕ್ಕೆಯೂ ಎಲ್ಲ ಕಡೆ ಬಿದ್ದಂತೆಯೇ. ಎಲ್ಲ ದೇಶಗಳ ಪರದೆಯಲ್ಲೂ ರೇಣುಕಮ್ಮನ ಕಂಪನಿಯ ಮುಂದೆ ‘ಶಂಕಾಸ್ಪದ’ ಎಂಬ ಗುರುತು ಮೂಡಿತು. ಜಮೀನಿಲ್ಲದೆಯೂ ಏನಾದರೂ ಮಾಡೋಣ ಎನ್ನುತ್ತಿದ್ದ ಇಲ್ಲಿನ ಬ್ಯಾಂಕಿನ ಮ್ಯಾನೇಜರ್ ಅದನ್ನು ನೋಡಿ ಕೈ ಎತ್ತಿದರು. ನಾನು ಊರೂರು ತಿರುಗಿ ಪ್ರತಿಯೊಬ್ಬರ ಪ್ರಮಾಣಪತ್ರ ಮಾಡಿಸಿ ಕಳಿಸಿದೆ. ಉತ್ತರ ಬರುವಷ್ಟರಲ್ಲಿ ತುಪ್ಪಟ ಕತ್ತರಿಸುವ ಕಾಲ ಮುಗಿದು, ಆರ್ಡರ್ ಬೇರೆ ದೇಶಕ್ಕೆ ಹೋಗಿತ್ತು. ಗುರುತು ತೆಗೆಯಲಾಗಿದೆ, ಹೊಸ ಅರ್ಜಿ ಸಲ್ಲಿಸಬಹುದು ಎಂದು ಒಂದೇ ಸಾಲಿನ ಮೇಲ್ ಬಂತು. ಕ್ಷಮಿಸಿ ಎಂಬ ಒಂದು ಪದವೂ ಇರಲಿಲ್ಲ.

ಈ ನಡುವೆ ತಾಳಗುಂದದ ಹುಚ್ಚರಾಯಪ್ಪ ಟಂಟಂ ಗಾಡಿಯಲ್ಲಿ ತುಪ್ಪಟದ ಚೀಲ ಹೇರಿಕೊಂಡು ರೇಣುಕಮ್ಮನ ಶೆಡ್ಡಿಗೆ ಬಂದರು. ಎಪ್ಪತ್ತು ದಾಟಿದ ಕುರಿ ಸಾಕಣೆಗಾರರು, ಪಟ್ಟಿಯ ಮೊದಲನೇ ಮಾವ. ಈ ಸಲ ಯಾರೂ ಬೇಲಿಗೆ ಸುರಿಯಬೇಡಿ, ಸೊಸೆ ಎಲ್ಲಾನೂ ತಗೊಂತಾಳೆ ಎಂದು ಊರಿಗೆಲ್ಲ ಹೇಳಿದ್ದವರು ಅವರೇ. ತೊಳೆಯದ ತುಪ್ಪಟ ಆಗಲೇ ತುಂಬಿ ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ರೇಣುಕಮ್ಮ ಬೇಡ ಎಂದದ್ದನ್ನು ನಾನು ಅಲ್ಲೇ ನಿಂತು ಕೇಳಿಸಿಕೊಂಡೆ. ಹುಚ್ಚರಾಯಪ್ಪ ಒಂದು ಮಾತೂ ಆಡದೆ ಗಾಡಿ ತಿರುಗಿಸಿಕೊಂಡು ಹೋದರು.

ಎರಡನೇ ಅರ್ಜಿಯ ಹೊತ್ತಿಗೆ ಸ್ಥಳ ಪರಿಶೀಲನೆಗೆಂದು ಅದೇ ಅಧಿಕಾರಿ ಖುದ್ದಾಗಿ ಬಂದರು. ಹಿಂದಿನ ದಿನ ನಾನು ರೇಣುಕಮ್ಮನಿಗೆ ಒತ್ತಿ ಒತ್ತಿ ಹೇಳಿದ್ದೆ: “ನಾಳೆ ಒಂದಿನ ಯಾರನ್ನೂ ಮಾವ, ಅಣ್ಣ ಅನ್ನಬೇಡಿ. ಹೆಸರು ಹಿಡಿದು ಮಾತಾಡಿಸಿ. ಅನುಮಾನಕ್ಕೆ ಎಡೆ ಕೊಡೋದು ಬೇಡ.” ಅವರು ಆಯ್ತು ಎಂದರು. ಅವರಿಗೆ ಯಂತ್ರ ಬೇಕಿತ್ತು.

ಅಧಿಕಾರಿ ಶೆಡ್ಡಿನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಬರೆಯುತ್ತಿದ್ದರು. ಹುಚ್ಚರಾಯಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಒಳಗೆ ಬಂದರು. ರೇಣುಕಮ್ಮ ಎದ್ದು ನಿಂತು, “ಹುಚ್ಚರಾಯಪ್ಪನವರೇ, ಬನ್ನಿ, ಕೂತ್ಕೊಳ್ಳಿ,” ಎಂದರು.

ಮುದುಕರು ಕೂರಲಿಲ್ಲ. ಒಮ್ಮೆ ರೇಣುಕಮ್ಮನನ್ನೂ ಒಮ್ಮೆ ನನ್ನನ್ನೂ ನೋಡಿದರು. “ಏನವ್ವಾ, ನನ್ನಿಂದೇನಾರ ತಪ್ಪಾತೇನು? ಅವತ್ತು ಮಾತಾಡದಂಗ ಹೋದ್ನಿ ಅಂತ ಸಿಟ್ಟೇನು?” ಎಂದು ಕೇಳಿದರು.

ರೇಣುಕಮ್ಮನ ಕಣ್ಣಲ್ಲಿ ನೀರು ಬಂತು. “ನಿಮ್ದೇನೂ ತಪ್ಪಿಲ್ಲ ಮಾವ. ಕುಂದ್ರಿ,” ಎಂದವರು ನನ್ನ ಕಡೆ ತಿರುಗಿದರು. “ಅವ್ರಿಗೆ ಹೇಳ್ರಿ, ಇವರು ನನಗೆ ಮಾವ. ರಕ್ತ ಬೇರೆ. ಏನು ಬರ್ಕೊಂತಾರೋ ಬರ್ಕೊಳ್ಳಲಿ. ದುಡ್ಡು ಬಂದ್ರೆ ಬರಲಿ, ಬಿಟ್ರೆ ಬಿಡಲಿ.”

ಒಂದು ಅಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಮುದುಕರು ಕೇಳಿದ್ದನ್ನೂ ಹೇಳಿದೆ. ಅಧಿಕಾರಿ ತಲೆ ತಗ್ಗಿಸಿ ಬರೆದುಕೊಂಡು ಹೋದರು. ಅರ್ಜಿ ಒಪ್ಪಿಗೆಯಾಗಿ ಷೇರುಗಳು ಮಾರಾಟವಾದವು. ಯಂತ್ರವೂ ಬಂತು, ತಾಳಗುಂದದ ಹತ್ತಿರ ಈಗ ಓಡುತ್ತಿದೆ. ಆ ದೊಡ್ಡ ಆರ್ಡರ್ ಮಾತ್ರ ತಿರುಗಿ ಬರಲಿಲ್ಲ. ಸಣ್ಣಪುಟ್ಟ ಗಿರಾಕಿಗಳಿಗೆ ಹಾಳೆ ಮಾರಿಕೊಂಡು ರೇಣುಕಮ್ಮ ಏಗುತ್ತಿದ್ದಾರೆ.

ದೇಶದೇಶದ ಮಾರುಕಟ್ಟೆಗಳನ್ನು ಜೋಡಿಸುವುದು ಒಳ್ಳೆಯದೇ ಎಂದು ಈಗಲೂ ಹೇಳುತ್ತೇನೆ. ಹಣಕ್ಕೆ ಗಡಿ ದಾಟಲು ದಾರಿ ಮಾಡುವವರು ಮಾತಿಗೂ ದಾರಿ ಮಾಡಬೇಕು, ಅಷ್ಟೇ. ಆಮೇಲೆ ನಾನು ಕಕ್ಷಿದಾರರನ್ನು ಎದುರು ಕೂರಿಸಿಕೊಂಡು ಪ್ರತಿ ಹಾಳೆಯನ್ನೂ ಅವರ ಮಾತಿನಲ್ಲಿ ಓದಿ ಹೇಳದೆ ಸಹಿ ಹಾಕಿದ್ದಿಲ್ಲ. ಆದರೆ ಆ ಅಂಗಳ ನನಗೆ ಕಲಿಸಿದ ಪಾಠ ಅದಲ್ಲ. ತಪ್ಪು ಫಾರಂನಲ್ಲಿತ್ತು, ಬರೆದವನು ನಾನು. ಅದನ್ನು ತಿದ್ದಬೇಕಾದವನು ಆ ಹೆಣ್ಣುಮಗಳ ಬಾಯಿ ತಿದ್ದಲು ಹೋದೆ. ತನ್ನಿಂದೇನು ತಪ್ಪಾಯಿತು ಎಂದು ಆ ಮುದುಕರು ಕೇಳಿದಾಗ, ತಪ್ಪು ನನ್ನದು ಎಂದು ನಾನು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ.