ಹೀರೆ ಚಪ್ಪರದ ಸೂರಕ್ಕಿ

ಹೊಸಪೇಟೆಯಲ್ಲಿ ಮುಂಜಾನೆ ಒಣಹಾಕಿದ ಬಿಳಿ ಬಟ್ಟೆ ಸಂಜೆಯೊಳಗೆ ಕೆಂಪಾಗುತ್ತಿದ್ದ ದಿನಗಳವು. ಸಂಡೂರಿನ ಕಡೆಯಿಂದ ಅದಿರು ಲಾರಿಗಳು ಸಾಲುಗಟ್ಟಿ ಬಂದು ನಮ್ಮ ಓಣಿಯ ಮುಂದೆಯೇ ಹಾದುಹೋಗುತ್ತಿದ್ದವು.

ಓಣಿಯ ಹಿಂದೆ ಅಕ್ಕಿ ಗಿರಣಿ ಸಾಹುಕಾರರ ಖಾಲಿ ಜಾಗವಿತ್ತು. ಹಾಳು ಬೀಳುವುದು ಯಾಕೆ, ಏನಾದರೂ ಬೆಳೆದುಕೊಳ್ಳಿ ಎಂದು ಅವರೇ ಕೊಟ್ಟಿದ್ದರು. ನಮ್ಮವ್ವ, ಪಕ್ಕದ ಮನೆಯ ಹುಸೇನಬಿ ಚಾಚಿ, ಓಣಿಯ ಉಳಿದ ಹೆಂಗಸರು ಸೇರಿ ಅಲ್ಲಿ ಪುಂಡಿ ಸೊಪ್ಪು, ಬದನೆ, ಹೀರೆ ಬೆಳೆದರು. ಬೇಲಿಗುಂಟ ಒಂದು ಸಾಲು ಸಜ್ಜೆ ಗುಬ್ಬಿಗಳಿಗೆಂದೇ ಇತ್ತು. ಆ ತೆನೆ ಮುಟ್ಟಿದರೆ ನಮಗೆ ಬೈಗುಳ. ಗಿಡಗಳಿಗೆ ಔಷಧಿ ಹೊಡೆಯುತ್ತಿರಲಿಲ್ಲ. "ಹುಳ ಎಲ್ಲಾ ಸತ್ರ ಹಕ್ಕಿ ಏನ್ ತಿನ್ಬೇಕು?" ಎನ್ನುತ್ತಿದ್ದಳು ಅವ್ವ. ಶಾಲೆ ಬಿಟ್ಟು ಬಂದವರು ಅಲ್ಲೇ ಕಣ್ಣಾಮುಚ್ಚಾಲೆ ಆಡಿ, ಅಲ್ಲೇ ಕೂತು ರೊಟ್ಟಿ, ಪುಂಡಿಪಲ್ಲೆ ತಿನ್ನುತ್ತಿದ್ದೆವು.

ಒಂದು ಬೇಸಿಗೆಯಲ್ಲಿ ಧೂಳು ಮಿತಿಮೀರಿತು. ಅಕ್ಕಿ ತೊಳೆದ ನೀರಲ್ಲಿ ಎಲೆ ಒರೆಸಿದರೆ ಕುಂಕುಮ ಕದಡಿದಂತೆ ಇಳಿಯುತ್ತಿತ್ತು. ಜೇನುಹುಳ ಬರುವುದು ನಿಂತಿತು. ಹೀರೆಹೂ ಕಾಯಿ ಕಟ್ಟದೆ ಉದುರಿದವು. ಇಷ್ಟಾದರೂ ಹೂವಿನ ಮಕರಂದ ಹೀರುವ ಪುಟ್ಟ ಸೂರಕ್ಕಿಯೊಂದು ಹೀರೆಯ ಚಪ್ಪರಕ್ಕೆ ಚೀಲದಂಥ ಗೂಡು ತೂಗಿಬಿಟ್ಟು ಮರಿ ಮಾಡಿತ್ತು.

ಒಂದು ದಿನ ಸಾಹುಕಾರರು ಬಂದರು.

"ಜಾಗ ಲಾರಿ ನಿಲ್ಸಾಕ ಕೊಟ್ಟೀನವ್ವ. ನಾಳೆ ಮುಂಜಾನಿ ಜೆಸಿಬಿ ಬರತೈತಿ."

"ಮರಿ ಅದಾವ್ರಿ ಸಾವ್ಕಾರ್ರ. ಹಾರೋ ತನಕರ ತಡೀರಿ," ಅವ್ವ ಕೈಮುಗಿದಳು.

"ಹಕ್ಕಿ ಸಲುವಾಗಿ ಲಾರಿ ನಿಲ್ತಾವೇನು? ನಾ ಕೊಡ್ಲಿಲ್ಲಂದ್ರ ಬಾಜೂದಾಂವ ಕೊಡ್ತಾನ." ನೆಲ ನೋಡುತ್ತಲೇ ಹೇಳಿ ಹೋದರು.

ಮರುದಿನ ಬೆಳಕು ಹರಿಯುತ್ತಲೇ ಹೆಂಗಸರು ಬಳ್ಳಿಯ ಬುಡ ಕೊಯ್ದು, ಗೂಟ ಕಿತ್ತು, ಚಪ್ಪರವನ್ನು ಹಾಗೇ ಎತ್ತಿ ಗೋಡೆಯಾಚೆ ಚಾಚಿಯ ಅಂಗಳಕ್ಕೆ ತಂದರು. ಗೂಡಿನ ಕೆಳಗೆ ಅಂಗೈ ಒಡ್ಡಿಕೊಂಡು ನಾನು ನಡೆದೆ.

ತಾಯಿಹಕ್ಕಿ ಹುಳ ಕಚ್ಚಿಕೊಂಡು ಬಂತು. ಚಪ್ಪರ ಮೊದಲಿದ್ದ ಬಯಲಿನಲ್ಲೇ ಸುತ್ತಿತು. ಗೋಡೆಯ ಈಚೆ ಮರಿಗಳು ಚೀರುತ್ತಿದ್ದವು. ಜೆಸಿಬಿ ಸದ್ದಿನಲ್ಲಿ ಅದಕ್ಕೆ ಕೇಳುವುದೆಂತು? "ಇಲ್ಲೈತಿ ಬಾ! ಇಲ್ಲೈತಿ!" ನಾವು ಗಂಟಲು ಹರಿದುಕೊಂಡೆವು. ಅವ್ವ ಜೆಸಿಬಿಗೆ ಅಡ್ಡ ಓಡಿ, ಸೆರಗು ಬೀಸಿ ಹಕ್ಕಿಯನ್ನು ಇತ್ತ ಅಟ್ಟಲು ನೋಡಿದಳು.

"ಸರಿಯವ್ವಾ, ಸಾಯ್ತಿ!" ಡ್ರೈವರ್ ಕೂಗಿದ.

ಹಕ್ಕಿ ಕರೆಂಟಿನ ತಂತಿಯ ಮೇಲೆ ಕೂತಿತು. ಹುಳ ಇನ್ನೂ ಕೊಕ್ಕಿನಲ್ಲೇ ಇತ್ತು. ಆಮೇಲೆ ಎತ್ತ ಹೋಯಿತೋ ಕಾಣಲಿಲ್ಲ.

ಚಾಚಿ ಹತ್ತಿಯಲ್ಲಿ ಸಕ್ಕರೆ ನೀರು ಹಿಂಡಿದರು. ಸಂಜೆಯವರೆಗೆ ಮರಿಗಳು ಬಾಯಿ ತೆರೆದವು. ಬೆಳಗಾದಾಗ ತೆರೆಯಲಿಲ್ಲ. ಬಾಡಿದ ಬಳ್ಳಿಯ ಕೆಳಗೆ ಅವ್ವ, ಚಾಚಿ ಒಬ್ಬರನ್ನೊಬ್ಬರು ನೋಡದೆ ಕೂತಿದ್ದರು.

ಗಣಿ ನಿಂತ ಮೇಲೆ ಲಾರಿಗಳೂ ಹೋದವು. ಎಣ್ಣೆ ಕುಡಿದ ಆ ನೆಲದಲ್ಲಿ ಇಂದಿಗೂ ಹುಲ್ಲು ಸರಿಯಾಗಿ ಏಳುವುದಿಲ್ಲ. ಚಾಚಿ ಮಗಳ ಊರಿಗೆ ಹೋದರು. ಓಣಿಯಲ್ಲಿ ಒಬ್ಬರ ಸಾರಿನ ರುಚಿ ಇನ್ನೊಬ್ಬರಿಗೆ ಗೊತ್ತಿಲ್ಲ. ಈಚೆಗೆ ನಾನು, "ಮಾಳಿಗಿ ಮ್ಯಾಲ ಕುಂಡದಾಗ ಏನರ ಹಾಕೋಣೇನವ್ವಾ? ಹಕ್ಕಿ ಬಂದಾವು," ಎಂದೆ.

ಅವ್ವ ಹೇಳಿದಳು: "ಬ್ಯಾಡ ಮಗಳ. ಉಣ್ಣಾಕ ಕರದು, ಎಲಿ ಮುಂದ ಕುಂದ್ರಿಸಿ, ಎಬ್ಬಿಸಿ ಕಳ್ಸೋ ಪಾಪ ಇನ್ನೊಮ್ಮೆ ಬ್ಯಾಡ."